ಕಡತ ಗಡಿ ದಾಟಬಹುದೆ?

2026ರ ಜನವರಿ ತಿಂಗಳ ಒಂದು ಸಂಜೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾನು ನನ್ನ ಬಾಲ್ಯದ ಗೆಳೆಯನೊಡನೆ ನಡೆದುಹೋಗುತ್ತಿದ್ದೆ. ಹಕ್ಕಿಗಳು ಗೂಡು ಸೇರುವ ಹೊತ್ತು. ಗೆಳೆಯ ಮಾತ್ರ ತನ್ನ ಗೂಡಿನಿಂದ ಸಾವಿರಾರು ಮೈಲಿ ದೂರದಲ್ಲಿ ಸಿಕ್ಕಿಕೊಂಡಿದ್ದ. ಹುಟ್ಟಿ ಬೆಳೆದ ಊರಿನಲ್ಲಿಯೇ ಮನುಷ್ಯ ಸಿಕ್ಕಿಕೊಳ್ಳುವುದು ಹೇಗೆಂದು ವಾಚಕರು ಕೇಳಬಹುದು. ಈ ಕಾಲದಲ್ಲಿ ಅದೂ ಉಂಟು.

ಅವನು ಅಮೆರಿಕದ ಒಂದು ರಾಜ್ಯ ಸರ್ಕಾರದ ಇಲಾಖೆಗೆ ಕಂಪ್ಯೂಟರ್ ಕೆಲಸ ಮಾಡಿಕೊಡುವವನು. ತಂಗಿಯ ಮದುವೆ ಧನುರ್ಮಾಸ ಹಿಡಿಯುವ ಮೊದಲೇ ಆಗಬೇಕಾಗಿದ್ದುದರಿಂದ 2025ರ ನವೆಂಬರ್ ಕೊನೆಯಲ್ಲಿ ಊರಿಗೆ ಬಂದ. ಮದುವೆ ಸಾಂಗವಾಗಿ ನಡೆಯಿತು. ಡಿಸೆಂಬರ್ ಮೂರನೆಯ ವಾರ ಚೆನ್ನೈಗೆ ಹೋಗಿ, ಪಾಸ್‌ಪೋರ್ಟಿಗೆ ವೀಸಾ ಹಾಕಿಸಿಕೊಂಡು ಹೊರಟುಹೋಗುವುದೆಂದು ಏರ್ಪಾಡಾಗಿತ್ತು. ಅಷ್ಟರಲ್ಲಿ, ಎಚ್-1ಬಿ ವೀಸಾ ಬೇಡುವವರ ಸಾಮಾಜಿಕ ಜಾಲತಾಣದ ಬರಹಗಳನ್ನೆಲ್ಲ ಪರಿಶೀಲಿಸತಕ್ಕದ್ದೆಂಬ ಅಮೆರಿಕದ ಹೊಸ ಕ್ರಮ ಡಿಸೆಂಬರ್ 15ರಿಂದ ಜಾರಿಗೆ ಬಂದಿತು. ಭಾರತದಲ್ಲಿ ಬಹುಮಂದಿಯ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದುವು. ಗೆಳೆಯನ ಸಂದರ್ಶನ ಮಾರ್ಚಿಗೆ ಹೋಯಿತು. ಹೆಂಡತಿಯೂ ಏಳು ವರ್ಷದ ಮಗಳೂ ಅಲ್ಲಿ, ಅವನು ಇಲ್ಲಿ.

"ಇದಕ್ಕೇಕೆ ಇಷ್ಟು ಚಿಂತೆ? ಇಲ್ಲಿಂದಲೇ ಕೆಲಸ ಮಾಡಬಹುದಲ್ಲ!" ಎಂದೆ ನಾನು. ಎರಡು ವರ್ಷ ಮಕ್ಕಳಿಗೆ ಪರದೆಯ ಮೇಲೆ ಪಾಠ ಹೇಳಿದ ಮೇಷ್ಟರಿಗೆ ಅಷ್ಟು ಧೈರ್ಯ ಸಹಜವೇ.

ಅವನು ನಕ್ಕ, ಆದರೆ ಆ ನಗೆಯಲ್ಲಿ ಸಂತೋಷವಿರಲಿಲ್ಲ. "ತಮಾಷೆ ಇರುವುದೇ ಅಲ್ಲಿ, ಮೇಷ್ಟ್ರೇ. ನನ್ನ ಹಾಗೆಯೇ ಸಿಕ್ಕಿಕೊಂಡ ಇನ್ನೊಬ್ಬ ಖಾಸಗಿ ಕಂಪನಿಯವನು. ಅವನು ಬೆಂಗಳೂರಿನಲ್ಲಿ ಮಾವನ ಮನೆಯ ಮಹಡಿಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದಾನೆ, ಸಂಬಳ ಬರುತ್ತಿದೆ. ನಾನು ಕೇಳಿದ್ದಕ್ಕೆ ಎರಡೇ ಸಾಲಿನ ಉತ್ತರ ಬಂತು. ದೇಶದ ಹೊರಗಿನಿಂದ ಈ ಕೆಲಸ ಮಾಡುವಂತಿಲ್ಲ. ಹಿಂದಿರುಗುವ ತನಕ ಸಂಬಳವಿಲ್ಲದ ರಜೆ. ಅಲ್ಲಿಯೂ ನಾನು ಮನೆಯಲ್ಲಿ ಕುಳಿತೇ ಕೆಲಸ ಮಾಡುತ್ತಿದ್ದೆ ಕಣಯ್ಯಾ! ಅದೇ ಕೈ, ಅದೇ ತಲೆ. ಕುರ್ಚಿ ಬದಲಾದರೆ ಕೆಲಸ ಕೆಟ್ಟುಹೋಗುತ್ತದೆಯೇ?"

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕನ್ನಡ ಪಾಠ ಹೇಳುವವನಿಗೆ ಸಂಬಂಧಿಸಿದ ವಿಷಯ ಇದಲ್ಲವೆನ್ನಿ. ಆದರೆ ಇಂದು ನಮ್ಮ ಬೀದಿಗಳಲ್ಲಿ ಮಗನೋ ಮಗಳೋ ಅಳಿಯನೋ ಪರದೇಶದಲ್ಲಿಲ್ಲದ ಮನೆ ಎಷ್ಟಿದ್ದೀತು? ಆ ಮಕ್ಕಳಲ್ಲಿ ಎಷ್ಟು ಮಂದಿ ಯಾವ ಯಾವ ಸರ್ಕಾರಗಳಿಗೆ ಪರೋಕ್ಷವಾಗಿ ದುಡಿಯುತ್ತಿದ್ದಾರೆಂಬುದು ಹೆತ್ತವರಿಗೂ ತಿಳಿದಿರುವುದಿಲ್ಲ. ಆದ್ದರಿಂದ ತಿಳಿದುಕೊಳ್ಳಲು ಹೊರಟೆ. ತಿಳಿದುಬಂದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಯಜಮಾನ ಯಾರು?

ಗುತ್ತಿಗೆದಾರ ಎಂದೊಡನೆ ರಸ್ತೆಗೆ ಜಲ್ಲಿ ಹಾಕಿಸುವ, ಸೇತುವೆ ಕಟ್ಟಿಸುವ ವ್ಯಕ್ತಿಯ ಚಿತ್ರ ನಮ್ಮ ಕಣ್ಣಿಗೆ ಕಟ್ಟುತ್ತದೆ. ಇಂದಿನ ಸರ್ಕಾರಗಳು ಸೇತುವೆಯನ್ನು ಗುತ್ತಿಗೆಗೆ ಕೊಡುವಂತೆಯೇ ಲೆಕ್ಕಪತ್ರವನ್ನೂ ಕೊಡುತ್ತವೆ. ತೆರಿಗೆ, ಪಿಂಚಣಿ, ಪಡಿತರ, ನಿರುದ್ಯೋಗ ಭತ್ಯೆ ಇವೆಲ್ಲವೂ ಕಂಪ್ಯೂಟರಿನ ಹೊಟ್ಟೆಯಲ್ಲಿವೆ. ಅದನ್ನು ಸುಸ್ಥಿತಿಯಲ್ಲಿ ನಡೆಸುವ ಜನ ಇಲಾಖೆಯ ನೌಕರರಾಗಿಯೇ ಇರಬೇಕೆಂದಿಲ್ಲ. ರಾಜ್ಯ ಸರ್ಕಾರ ದೊಡ್ಡ ಕಂಪನಿಗೆ ಕೊಡುತ್ತದೆ. ದೊಡ್ಡದು ಚಿಕ್ಕದಕ್ಕೆ ಒಳಗುತ್ತಿಗೆ ಕೊಡುತ್ತದೆ. ಚಿಕ್ಕ ಕಂಪನಿ ನನ್ನ ಗೆಳೆಯನಂಥವನನ್ನು ನೇಮಿಸಿಕೊಳ್ಳುತ್ತದೆ. ಸಂಬಳ ಕೊಡುವವನು ಒಬ್ಬ, ಕೆಲಸ ಹೇಳುವವನು ಇನ್ನೊಬ್ಬ, ನಿಯಮ ವಿಧಿಸುವವನು ಇಬ್ಬರಿಗೂ ಮೇಲಿನ ಮತ್ತೊಬ್ಬ. ಚಿಕ್ಕ ಕಂಪನಿಯ ಮ್ಯಾನೇಜರು "ಆಗಲಪ್ಪ, ಮೈಸೂರಿನಿಂದಲೇ ಮಾಡು" ಎಂದು ಬಾಯಲ್ಲಿ ಹೇಳಿದರೂ ಆ ಮಾತಿಗೆ ಬೆಲೆಯಿಲ್ಲ. ಒಪ್ಪಿಗೆ ಕೊಡುವ ಅಧಿಕಾರ ಅವನದಲ್ಲ.

ಗೆಳೆಯನ ಇಲಾಖೆಯ ಕೆಲಸವಾದರೂ ಎಂಥದು? ತಂದೆತಾಯಿಗಳು ಬೇರೆಯಾದಾಗ, ಮಗುವಿನ ಪೋಷಣೆಗೆಂದು ನ್ಯಾಯಾಲಯ ಗೊತ್ತುಮಾಡಿದ ಹಣವನ್ನು ವಸೂಲು ಮಾಡಿ ಮಗು ಇರುವ ಮನೆಗೆ ತಲುಪಿಸುವುದು. ಯಾರು ಎಲ್ಲಿ ದುಡಿಯುತ್ತಾರೆ, ಎಷ್ಟು ಸಂಪಾದಿಸುತ್ತಾರೆ, ಯಾವ ತಾಯಿ ಗಂಡನಿಗೆ ಹೆದರಿ ತನ್ನ ವಿಳಾಸವನ್ನು ಮರೆಮಾಡಿಕೊಂಡಿದ್ದಾಳೆ, ಇವೆಲ್ಲ ಆ ಲೆಕ್ಕದಲ್ಲಿ ಬರೆದಿರುತ್ತವೆ. ಇದನ್ನು ಹೇಳುವಾಗ ಗೆಳೆಯನ ಧ್ವನಿ ತಾನಾಗಿಯೇ ತಗ್ಗಿತು. ಉತ್ತರದ ಅರ್ಧ ಭಾಗ ನನಗೆ ಅಲ್ಲಿಯೇ ಸಿಕ್ಕಿತೆಂದು ಅನಂತರ ಹೊಳೆಯಿತು.

ನೆಲವೂ ಕೆಲಸದ ಒಂದು ಭಾಗ

ಅಮೆರಿಕದ ಕೇಂದ್ರ ತೆರಿಗೆ ಇಲಾಖೆಗೆ ಇಂಟರ್ನಲ್ ರೆವಿನ್ಯೂ ಸರ್ವಿಸ್ ಎಂದು ಹೆಸರು. ಪ್ರಜೆಗಳು ತನಗೆ ನಂಬಿ ಒಪ್ಪಿಸಿದ ತೆರಿಗೆಯ ವಿವರಗಳಲ್ಲಿ ಕೆಲವನ್ನು ಅದು ಕಾನೂನಿನ ಪ್ರಕಾರ ರಾಜ್ಯಗಳ ಇಲಾಖೆಗಳಿಗೆ ಕೊಡುತ್ತದೆ. ಮಕ್ಕಳ ಪೋಷಣೆಯ ಹಣ ವಸೂಲು ಮಾಡುವ ಇಲಾಖೆ ಅವುಗಳಲ್ಲಿ ಒಂದು. ಕೊಡುವಾಗ ವಿಧಿಸುವ ಷರತ್ತುಗಳೆಲ್ಲ 1075 ಎಂಬ ಸಂಖ್ಯೆಯ ಪ್ರಕಟಣೆಯಲ್ಲಿವೆ. ಅದರ ಒಂದು ಷರತ್ತು ಸ್ಪಷ್ಟವಾಗಿದೆ. ಈ ವಿವರಗಳನ್ನು ದೇಶದ ಹೊರಗೆ ಇಡಕೂಡದು, ಹೊರಗೆ ಕಳುಹಿಸಕೂಡದು, ಹೊರಗಿರುವ ನೌಕರನಾಗಲಿ ಗುತ್ತಿಗೆದಾರನಾಗಲಿ ಅವನ್ನು ತೆರೆದು ನೋಡಲೂಕೂಡದು. ಅಮೆರಿಕದ ಆಡಳಿತಕ್ಕೆ ಸೇರಿದ ಪ್ರದೇಶಗಳು, ರಾಯಭಾರ ಕಚೇರಿಗಳು ಮತ್ತು ಸೇನಾ ನೆಲೆಗಳು, ಇಷ್ಟು ಮಾತ್ರ "ಒಳಗೆ" ಎಂಬ ಮಾತಿಗೆ ಸೇರುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಿಯಮ ಕೇಳುವುದು "ನೀನು ಯಾರು?" ಎಂದಲ್ಲ, "ನೀನು ಎಲ್ಲಿರುವೆ?" ಎಂದು. ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆ ಪ್ಯಾರಿಸಿಗೆ ವಿಹಾರಕ್ಕೆ ಹೋಗಿ, ಹೋಟಲಿನ ಕೋಣೆಯಲ್ಲಿ ಆ ಲೆಕ್ಕವನ್ನು ತೆರೆದರೂ ತಪ್ಪೇ. ಆದ್ದರಿಂದ ಈ ನಿರಾಕರಣೆಯಲ್ಲಿ ನಮ್ಮವರ ಮೇಲಿನ ತಾತ್ಸಾರವನ್ನು ಹುಡುಕಬೇಕಾಗಿಲ್ಲ. ಯುದ್ಧಸಾಮಗ್ರಿಯ ಮಾತು ಬಂದರಂತೂ ನಿಯಮ ಇನ್ನೂ ಬಿಗಿ. ಅಂಥ ಸಾಮಗ್ರಿಯ ತಾಂತ್ರಿಕ ನಕ್ಷೆಯನ್ನು ಅಮೆರಿಕದ ನೆಲದಲ್ಲಿಯೇ ಒಬ್ಬ ವಿದೇಶೀಯನಿಗೆ ತೋರಿಸಿದರೂ ಕಾನೂನು ಅದನ್ನು ರಫ್ತು ಎಂದೇ ಎಣಿಸುತ್ತದೆ. ಹಡಗೂ ಬೇಡ, ವಿಮಾನವೂ ಬೇಡ. ಒಂದು ಜೊತೆ ಕಣ್ಣು ಸಾಕು.

ಹೊರಗೆ ಮತ್ತು ಒಳಗೆ ಎಂಬ ಈ ಭೇದಕ್ಕೆ ಕಾರಣ ಕಾನೂನಿನ ತೋಳಿನ ಉದ್ದ. ತನ್ನ ನೆಲದಲ್ಲಿರುವ ಕಂಪ್ಯೂಟರನ್ನು ಸರ್ಕಾರ ಪರೀಕ್ಷಿಸಬಹುದು, ಬೇಕಾದರೆ ಜಪ್ತಿ ಮಾಡಬಹುದು. ತಪ್ಪು ಮಾಡಿದವನನ್ನು ನ್ಯಾಯಾಲಯಕ್ಕೆ ಎಳೆಯಬಹುದು. ಗಡಿಯ ಆಚೆಗೆ ಹೋದರೆ ಇದಕ್ಕೆಲ್ಲ ಇನ್ನೊಂದು ಸರ್ಕಾರದ ಅನುಮತಿ ಬೇಕು. ತಂತಿ ಎಷ್ಟು ಉದ್ದವಾದರೂ ಆದೀತು, ಆದರೆ ಕಾನೂನಿನ ತೋಳು ಅಷ್ಟು ಉದ್ದವಿಲ್ಲ.

ನಮ್ಮ ಕಡತದ ಮಾತು

ಇದೆಲ್ಲ ಶ್ರೀಮಂತ ದೇಶದ ಅತಿ ಜಾಗರೂಕತೆ ಎಂದು ಯಾರಾದರೂ ಹೇಳಿಯಾರು. ಆದರೆ ನಮ್ಮ ದೇಶದ ಕಾನೂನೂ ಇದೇ ಮಾತನ್ನಾಡುತ್ತದೆ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದ 4ನೆಯ ಪ್ರಕರಣದಂತೆ, ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಯಾರೂ ಸಾರ್ವಜನಿಕ ದಾಖಲೆಯನ್ನು ಭಾರತದಿಂದ ಹೊರಕ್ಕೆ ಒಯ್ಯಕೂಡದು. ಸರ್ಕಾರಿ ಕಾರ್ಯಕ್ಕೆಂದು ಒಯ್ಯುವುದಕ್ಕೆ ಮಾತ್ರ ವಿನಾಯಿತಿ. ತಪ್ಪಿದವರಿಗೆ 5 ವರ್ಷಗಳವರೆಗೆ ಸೆರೆ, ಅಥವಾ 10,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ದಾಖಲೆ ಎಂದರೇನೆಂದು ವಿವರಿಸುವಾಗ, ಕಂಪ್ಯೂಟರಿನಿಂದ ಸಿದ್ಧವಾದ ಸಾಮಗ್ರಿಯನ್ನೂ ಆ ಅಧಿನಿಯಮ ಸೇರಿಸಿಕೊಂಡಿದೆ. ಮನೆಮನೆಗೆ ಕಂಪ್ಯೂಟರು ಬಾರದಿದ್ದ ಕಾಲದಲ್ಲಿ ಬರೆದ ಕಾನೂನಿದು! ನಮ್ಮ ಸರ್ಕಾರಿ ಇಲಾಖೆಗಳಿಗೆ ಕ್ಲೌಡ್ ಸೇವೆ ಒದಗಿಸಲು ಕೇಂದ್ರದ ಪಟ್ಟಿಗೆ ಸೇರುವ ಕಂಪನಿಗಳಿಗೂ, ದತ್ತಾಂಶವನ್ನು ಭಾರತದೊಳಗೇ ಇಡಬೇಕೆಂಬ ಷರತ್ತಿದೆ.

ಕಚೇರಿಯ ಫೈಲಿಗೆ ನಾವು ಇಂದು ಬಳಸುವ "ಕಡತ" ಎಂಬ ಪದದ ಚರಿತ್ರೆ ಇಲ್ಲಿ ನೆನಪಾಗುತ್ತದೆ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕವೇ ಕಡತ. ಊರಿನ ಹೊಲಗದ್ದೆ, ಕಂದಾಯ, ಸಾಲಸೋಲಗಳ ಗುಟ್ಟೆಲ್ಲ ಅದರ ಮಡಿಕೆಗಳಲ್ಲಿ ಇರುತ್ತಿತ್ತು. ಶಾನುಭೋಗರು ಎಷ್ಟೇ ಪ್ರಾಮಾಣಿಕರಾಗಿರಲಿ, ಕಡತವನ್ನು ಕಂಕುಳಲ್ಲಿ ಇರುಕಿಕೊಂಡು ಪರಊರಿನ ನೆಂಟರ ಮನೆಯಲ್ಲಿ ಮೂರು ತಿಂಗಳು ಬಿಡಾರ ಹೂಡಿದರೆ ರೈತನಿಗೆ ನಿದ್ರೆ ಬರುತ್ತಿತ್ತೆ? ಶಾನುಭೋಗರ ಮೇಲೆ ಅವನಿಗೆ ಅನುಮಾನವಿರಲಾರದು. ಆದರೆ ನೆಂಟರ ಮನೆಯ ಕದಕ್ಕೆ ಅಗುಳಿ ಇದೆಯೋ ಇಲ್ಲವೋ, ಅವನು ಬಲ್ಲನೆ?

ಅನ್ನದ ಪ್ರಶ್ನೆ

ಗುಟ್ಟಿನ ಕಾರಣ ಒಂದಾದರೆ ಅನ್ನದ ಕಾರಣ ಇನ್ನೊಂದು. ಅದನ್ನು ಮುಚ್ಚಿಡಬೇಕಾಗಿಲ್ಲ. 2002ರಲ್ಲಿ ನ್ಯೂಜೆರ್ಸಿ ರಾಜ್ಯದ ಬಡವರು ತಮ್ಮ ಆಹಾರ ಸಹಾಯಧನದ ಬಗ್ಗೆ ವಿಚಾರಿಸಲು ದೂರವಾಣಿ ಮಾಡಿದರೆ, ಉತ್ತರ ಕೊಡುತ್ತಿದ್ದವರು ಮುಂಬಯಿಯಲ್ಲಿದ್ದರು. ಗುತ್ತಿಗೆಯ ಕಂಪನಿ ಕೆಲಸವನ್ನು ಅಲ್ಲಿಗೆ ಸಾಗಿಸಿತ್ತು. ಕೆಲಸವಿಲ್ಲದೆ ಸಹಾಯ ಬೇಡುತ್ತಿರುವವನಿಗೆ, ಆ ಸಹಾಯ ಹಂಚುವ ಕೆಲಸವೇ ಪರದೇಶಕ್ಕೆ ಹೋಗಿದೆ ಎಂದು ತಿಳಿದರೆ ಹೇಗಾಗಬೇಡ? ಗದ್ದಲವೆದ್ದಿತು. ವೆಚ್ಚ ಹೆಚ್ಚಾದರೂ ಚಿಂತೆಯಿಲ್ಲವೆಂದು ಆ ಕೇಂದ್ರವನ್ನು ಅದೇ ರಾಜ್ಯದ ಕ್ಯಾಮ್ಡನ್ ಊರಿಗೆ ಮರಳಿ ತಂದರು. 2005ರಲ್ಲಿ, ರಾಜ್ಯದ ಸೇವಾ ಗುತ್ತಿಗೆಗಳ ಕೆಲಸ ದೇಶದೊಳಗೇ ನಡೆಯತಕ್ಕದ್ದೆಂದು ಕಾನೂನಾಯಿತು.

2003ರಲ್ಲಿ ಇಂಡಿಯಾನಾ ರಾಜ್ಯ, ನಿರುದ್ಯೋಗ ಭತ್ಯೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿಕೊಡಲು ನಮ್ಮ ಟಾಟಾ ಕನ್ಸಲ್ಟೆನ್ಸಿಯ ಅಮೆರಿಕದ ಅಂಗಸಂಸ್ಥೆಗೆ 1 ಕೋಟಿ 52 ಲಕ್ಷ ಡಾಲರಿನ ಗುತ್ತಿಗೆ ಕೊಟ್ಟಿತ್ತು. ನಿರುದ್ಯೋಗಿಗಳ ಲೆಕ್ಕ ಬರೆಯುವ ಕೆಲಸವೂ ಊರಿನವರಿಗೆ ಇಲ್ಲವೇ ಎಂಬ ಕೂಗೆದ್ದಿತು. ಆ ವರ್ಷದ ನವೆಂಬರಿನಲ್ಲಿ ಗವರ್ನರ್ ಜೋ ಕೆರ್ನನ್ ಗುತ್ತಿಗೆಯನ್ನು ರದ್ದು ಮಾಡಿದರು. 2010ರ ಆಗಸ್ಟಿನಲ್ಲಿ ಓಹಾಯೋ ರಾಜ್ಯದ ಗವರ್ನರ್ ಟೆಡ್ ಸ್ಟ್ರಿಕ್‌ಲೆಂಡ್, ರಾಜ್ಯದ ಹಣದಿಂದ ವಿದೇಶದಲ್ಲಿ ಸೇವೆ ಪಡೆಯಬಾರದೆಂದು ಆಜ್ಞೆ ಹೊರಡಿಸಿದರು. ನಮ್ಮ ಸಾಫ್ಟ್‌ವೇರ್ ಉದ್ಯಮ ಇದನ್ನು ಬಲವಾಗಿ ವಿರೋಧಿಸಿತು. ಉದ್ಯಮದವರಿಗೆ ಅದು ಅನ್ಯಾಯವಾಗಿ ಕಂಡಿತು. ಆ ರಾಜ್ಯದ ತೆರಿಗೆದಾರನಿಗೆ ನ್ಯಾಯವಾಗಿ ಕಂಡಿತು. ನಮ್ಮ ಜಿಲ್ಲೆಯ ಸರ್ಕಾರಿ ಕೆಲಸ ಪರರಾಜ್ಯದವರ ಪಾಲಾದರೆ ನಾವು ಆಡುವ ಮಾತನ್ನು ನೆನೆಸಿಕೊಂಡರೆ ಎರಡು ಕಡೆಯ ಮಾತೂ ಅರ್ಥವಾಗುತ್ತದೆ.

ಹಿತ್ತಿಲ ಬಾಗಿಲು

ಸಂಬಳ ನಿಂತು ಎರಡನೆಯ ತಿಂಗಳಾಗಿತ್ತು. ಅಲ್ಲಿಯ ಮನೆ ಬಾಡಿಗೆ, ಮಗಳ ಶಾಲೆ, ಇಲ್ಲಿ ಮದುವೆಯ ಸಾಲ. ಒಂದು ದಿನ ಗೆಳೆಯ ತಡವರಿಸುತ್ತ ಹೇಳಿದ: "ಆಫೀಸಿನ ಲ್ಯಾಪ್‌ಟಾಪ್ ಅಲ್ಲಿಯ ಮನೆಯಲ್ಲೇ ಇದೆ. ಹೆಂಡತಿ ಅದನ್ನು ದಿನಾ ತೆರೆದಿಟ್ಟರೆ ಸಾಕಂತೆ. ಒಂದು ಸಣ್ಣ ಉಪಕರಣ ಸಿಕ್ಕಿಸಿ ನಾನು ಇಲ್ಲಿಂದಲೇ ಅದನ್ನು ನಡೆಸಬಹುದು. ನೋಡುವವರಿಗೆ ನಾನು ಅಲ್ಲಿಯೇ ಇದ್ದೇನೆಂದು ತೋರುತ್ತದೆ. ಇಲ್ಲಿ ರಾತ್ರಿ ಏಳೂವರೆಗೆ ಕುಳಿತರೆ ಅಲ್ಲಿ ಬೆಳಗಿನ ಒಂಬತ್ತು. ಗೊತ್ತಾಗುವುದಿಲ್ಲ ಎಂದು ಸ್ನೇಹಿತರೊಬ್ಬರು ಧೈರ್ಯ ಹೇಳಿದ್ದಾರೆ."

ಗೊತ್ತಾಗುತ್ತದೆಯೋ ಇಲ್ಲವೋ, ನಾನು ತಂತ್ರಜ್ಞನಲ್ಲ. ಆದರೆ ಈ ಉಪಾಯವನ್ನೇ ಹಿಡಿದು ನಡೆದವರ ಕಥೆಗಳನ್ನು ಆ ವೇಳೆಗೆ ಓದಿಕೊಂಡಿದ್ದೆ. ಅವನ್ನು ಅವನಿಗೆ ಹೇಳಿದೆ.

ಅಮೆರಿಕದ ಅರಿಜೋನಾ ರಾಜ್ಯದ ಒಬ್ಬ ಮಹಿಳೆ 2020ರಿಂದ 2023ರವರೆಗೆ ತನ್ನ ಮನೆಯಲ್ಲಿ ಹತ್ತಾರು ಲ್ಯಾಪ್‌ಟಾಪುಗಳನ್ನು ಸಾಲಾಗಿ ತೆರೆದಿಟ್ಟಿದ್ದಳು. ಅವನ್ನು ಕಳುಹಿಸಿದ್ದ ಕಂಪನಿಗಳು ತಮ್ಮ ನೌಕರರು ಅಮೆರಿಕದಲ್ಲಿದ್ದಾರೆಂದೇ ನಂಬಿದ್ದುವು. ನಿಜವಾಗಿ ಕೆಲಸ ಮಾಡುತ್ತಿದ್ದವರು ಕದ್ದ ಹೆಸರುಗಳ ಮರೆಯಲ್ಲಿದ್ದ ಉತ್ತರ ಕೊರಿಯಾದ ತಂತ್ರಜ್ಞರು. ಮುನ್ನೂರಕ್ಕೂ ಹೆಚ್ಚು ಕಂಪನಿಗಳು ಮೋಸಹೋದುವು. 1 ಕೋಟಿ 70 ಲಕ್ಷ ಡಾಲರಿಗಿಂತ ಹೆಚ್ಚು ಹಣ ಹರಿದುಹೋಯಿತು. ಶೋಧನೆಯಲ್ಲಿ ಅವಳ ಮನೆಯಿಂದ 90ಕ್ಕೂ ಹೆಚ್ಚು ಲ್ಯಾಪ್‌ಟಾಪುಗಳನ್ನು ವಶಪಡಿಸಿಕೊಂಡರು. 2025ರ ಜುಲೈಯಲ್ಲಿ ಅವಳಿಗೆ ಎಂಟೂವರೆ ವರ್ಷ ಸೆರೆವಾಸದ ಶಿಕ್ಷೆಯಾಯಿತು.

ಎರಡನೆಯ ಕಥೆ ಸರ್ಕಾರದ ಗುತ್ತಿಗೆಯದೇ. ಮೇರಿಲೆಂಡಿನ ಒಬ್ಬ ವ್ಯಕ್ತಿ 2021ರಿಂದ 2024ರ ನಡುವೆ ಸುಳ್ಳು ಅರ್ಹತೆ ತೋರಿಸಿ ಹದಿಮೂರು ಕಂಪನಿಗಳಲ್ಲಾದರೂ ಕೆಲಸ ಗಿಟ್ಟಿಸಿಕೊಂಡ. ವರ್ಜೀನಿಯಾದ ಒಂದು ಕಂಪನಿ 2023ರಲ್ಲಿ ಅವನನ್ನು ಕೇಂದ್ರ ವಿಮಾನಯಾನ ಆಡಳಿತದ ಗುತ್ತಿಗೆ ಕೆಲಸಕ್ಕೆ ಹಾಕಿತು. ರಕ್ಷಣೆಗೆ ಸಂಬಂಧಿಸಿದ ಸೂಕ್ಷ್ಮ ವಿವರಗಳನ್ನು ಸರ್ಕಾರದ ಕಚೇರಿಗಳು ನಿರ್ವಹಿಸಲು ಬಳಸುವ ಸಾಫ್ಟ್‌ವೇರ್ ಅದು. ಅವನ ಕೈಗೆ ಸರ್ಕಾರದ ಗುರುತಿನ ಚೀಟಿಯೂ ಬಂದಿತು. ಆದರೆ ಅವನ ಹೆಸರಿನಲ್ಲಿ, ಅವನ ಲ್ಯಾಪ್‌ಟಾಪಿನ ಮೂಲಕ ಕೆಲಸ ಮಾಡಿದವರು ಚೀನಾ ದೇಶದ ಶೆನ್‌ಯಾಂಗ್ ನಗರದಲ್ಲಿದ್ದರು. ಆ ಹದಿಮೂರು ಕಂಪನಿಗಳು ಒಟ್ಟು 9 ಲಕ್ಷ 70 ಸಾವಿರ ಡಾಲರಿಗಿಂತ ಹೆಚ್ಚು ಸಂಬಳ ತೆತ್ತಿದ್ದುವು. 2025ರ ಡಿಸೆಂಬರಿನಲ್ಲಿ ಅವನಿಗೆ ಹದಿನೈದು ತಿಂಗಳ ಸೆರೆವಾಸ ವಿಧಿಸಲಾಯಿತು.

"ನಾನೇನು ಕಳ್ಳನೇ?" ಎಂದು ಗೆಳೆಯ ಸಿಡಿದ. ಅಲ್ಲ. ಅವರು ಪರರಿಗೆ ಮನೆಯ ಬಾಗಿಲು ತೆರೆದರು. ಇವನು ತನಗೆ ತಾನೇ ತೆರೆದುಕೊಳ್ಳಬೇಕೆಂದಿದ್ದಾನೆ. ಆದರೆ ಬಾಗಿಲು ಕಾಯುವವನ ಕಣ್ಣಿಗೆ ಇಬ್ಬರ ಹೆಜ್ಜೆಯ ಗುರುತೂ ಒಂದೇ. ಪ್ರಾಮಾಣಿಕನಾದವನು ಮೋಸಗಾರನ ದಾರಿ ಹಿಡಿದರೆ, ತಾನು ಪ್ರಾಮಾಣಿಕನೆಂದು ತೋರಿಸಲು ಅವನ ಬಳಿ ಏನು ಉಳಿಯುತ್ತದೆ? ಅಲ್ಲದೆ ಲ್ಯಾಪ್‌ಟಾಪನ್ನು ದಿನಾ ತೆರೆದಿಡಬೇಕಾದವಳು ಹೆಂಡತಿ. ತಪ್ಪು ಹೊರಬಿದ್ದರೆ ಅದರ ನೆರಳು ಅವಳ ಮೇಲೆಯೂ ಬೀಳುತ್ತದೆ.

ಕಾನೂನನ್ನು ಅಕ್ಷರಶಃ ಪಾಲಿಸಿ, ಅರ್ಥವನ್ನು ಜಾರಿಸಿಬಿಡುವ ಉಪಾಯವೂ ನಡೆದದ್ದುಂಟು. 2025ರ ಜುಲೈಯಲ್ಲಿ ಪ್ರೋಪಬ್ಲಿಕಾ ಎಂಬ ಅಮೆರಿಕದ ಸುದ್ದಿಸಂಸ್ಥೆ ಇದನ್ನು ಬಯಲಿಗೆ ತಂದಿತು. ರಕ್ಷಣಾ ಇಲಾಖೆಯ ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟ್ ಕಂಪನಿ ನಿರ್ವಹಿಸುವಾಗ, ಚೀನಾದಲ್ಲಿ ಕುಳಿತ ಎಂಜಿನಿಯರು ಏನು ಮಾಡಬೇಕೆಂದು ಹೇಳುತ್ತಿದ್ದ. ಅಮೆರಿಕದಲ್ಲಿ ಕುಳಿತ, ಅನುಮತಿ ಪಡೆದ "ಬೆಂಗಾವಲಿನವನು" ಅದನ್ನು ತನ್ನ ಕೈಯಾರೆ ಯಂತ್ರಕ್ಕೆ ಊಡುತ್ತಿದ್ದ. ಹೊರಗಿನವನು ಯಂತ್ರವನ್ನು ಮುಟ್ಟಲಿಲ್ಲ, ನಿಜ. ಆದರೆ ಬೆಂಗಾವಲಿನವರಲ್ಲಿ ಅನೇಕರಿಗೆ ತಾವು ಊಡುತ್ತಿರುವುದೇನೆಂದು ಅರಿಯುವಷ್ಟು ವಿದ್ಯೆ ಇರಲಿಲ್ಲ. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, ರಕ್ಷಣಾ ಇಲಾಖೆಯ ಕೆಲಸಕ್ಕೆ ಚೀನಾದ ಎಂಜಿನಿಯರುಗಳನ್ನು ಬಳಸುವುದನ್ನು ನಿಲ್ಲಿಸಿರುವುದಾಗಿ ಕಂಪನಿ ಸಾರಿತು.

ತೆರಿಗೆಯವರ ದಿನಗಣನೆ

ಗುತ್ತಿಗೆ ಕೊಟ್ಟವರು ಒಪ್ಪಿದರೆಂದೇ ಇಟ್ಟುಕೊಳ್ಳೋಣ. ಆಗಲೂ ದಾರಿ ಸಂಪೂರ್ಣ ತೆರವಾಗುವುದಿಲ್ಲ. ಮನುಷ್ಯ ಎಲ್ಲಿ ಕುಳಿತು ದುಡಿಯುತ್ತಾನೋ ಆ ನೆಲದ ತೆರಿಗೆಯವರೂ ದಿನ ಎಣಿಸುತ್ತಾರೆ. ಭಾರತ ಮತ್ತು ಅಮೆರಿಕಗಳ ನಡುವೆ 1989ರಲ್ಲಿ ಆದ ತೆರಿಗೆ ಒಪ್ಪಂದದಲ್ಲಿ ಸಂಬಳದ ನೌಕರನಿಗೆ ಒಂದು ಮಿತಿ, ಸ್ವತಂತ್ರವಾಗಿ ವೃತ್ತಿ ನಡೆಸುವವನಿಗೆ ಇನ್ನೊಂದು ಮಿತಿ. ಅಲ್ಲಿಯ ಕಂಪನಿಯ ನೌಕರನಾಗಿ ಇಲ್ಲಿಗೆ ಬಂದು ದುಡಿಯುವವನಿಗೆ, ಇತರ ಷರತ್ತುಗಳೂ ಕೂಡಿಬಂದರೆ, 183 ದಿನಗಳವರೆಗೆ ಇಲ್ಲಿಯ ತೆರಿಗೆಯಿಂದ ಬಿಡುಗಡೆ. ಸ್ವಂತ ಹೆಸರಿನಲ್ಲಿ ಗುತ್ತಿಗೆ ಹಿಡಿದ ವೃತ್ತಿಗನಿಗಾದರೋ 90 ದಿನ ತುಂಬಿದೊಡನೆ ಇಲ್ಲಿ ತೆರಿಗೆಯ ಪ್ರಶ್ನೆ ಏಳುತ್ತದೆ. ನೌಕರ, ಗುತ್ತಿಗೆದಾರ ಎಂಬ ಎರಡು ಪದಗಳನ್ನು ನಾವು ಮಾತಿನಲ್ಲಿ ಬೆರೆಸಿಬಿಡುತ್ತೇವೆ, ಕಾನೂನು ಬೆರೆಸುವುದಿಲ್ಲ.

ಅಮೆರಿಕದ ಪ್ರಜೆಯಾದವನ ಲೆಕ್ಕ ಬೇರೆ. ಅವನು ಭೂಮಿಯ ಯಾವ ಮೂಲೆಯಲ್ಲಿ ದುಡಿದರೂ ತನ್ನ ದೇಶಕ್ಕೆ ಲೆಕ್ಕ ಒಪ್ಪಿಸಬೇಕು. ಹನ್ನೆರಡು ತಿಂಗಳಲ್ಲಿ 330 ದಿನ ಪರದೇಶದಲ್ಲಿ ನೆಲೆಸಿ ದುಡಿದರೆ, 2025ರ ವರ್ಷಕ್ಕೆ 1,30,000 ಡಾಲರುಗಳವರೆಗಿನ ಸಂಪಾದನೆಯನ್ನು ಆದಾಯ ತೆರಿಗೆಯ ಲೆಕ್ಕದಿಂದ ಬಿಡಿಸಿಕೊಳ್ಳಬಹುದಾಗಿತ್ತು. ಈ ರಿಯಾಯಿತಿ ಸರ್ಕಾರದ ಸ್ವಂತ ನೌಕರನಿಗಿಲ್ಲ, ಗುತ್ತಿಗೆದಾರನಿಗುಂಟು. ಗುತ್ತಿಗೆಯ ಬಾಳಿನಲ್ಲಿ ಲಾಭದ ಬದಿಯೂ ಇದೆ ಎಂಬುದಕ್ಕೆ ಇದೊಂದು ನಿದರ್ಶನ.

ದಾರಿಯೇ ಇಲ್ಲವೆ?

ಎಸ್ಟೋನಿಯಾ ಎಂಬ ಪುಟ್ಟ ದೇಶ ಯೂರೋಪಿನಲ್ಲಿದೆ. ಜನಸಂಖ್ಯೆ ಸುಮಾರು 13 ಲಕ್ಷ. ಅಲ್ಲಿಯ ಆಡಳಿತವೆಲ್ಲ ಕಂಪ್ಯೂಟರಿನ ಮೇಲೆಯೇ ನಡೆಯುತ್ತದೆ. 2007ರಲ್ಲಿ ಆ ದೇಶದ ಜಾಲಗಳ ಮೇಲೆ ದೊಡ್ಡ ದಾಳಿಯಾಯಿತು. ದೇಶಕ್ಕೇ ಆಪತ್ತು ಬಂದರೆ ದಾಖಲೆಗಳ ಗತಿಯೇನೆಂದು ಚಿಂತಿಸಿ, ಅವರು ತಮ್ಮ ಮುಖ್ಯ ದಾಖಲೆಗಳ ಪ್ರತಿಯನ್ನು ಲಕ್ಸೆಂಬರ್ಗ್ ದೇಶದಲ್ಲಿಡಲು 2017ರಲ್ಲಿ ಒಪ್ಪಂದ ಮಾಡಿಕೊಂಡರು. ಆ ಕೋಣೆಗೆ ರಾಯಭಾರ ಕಚೇರಿಯಂತೆಯೇ ರಕ್ಷಣೆ. ಲಕ್ಸೆಂಬರ್ಗಿನ ಅಧಿಕಾರಿಗಳು ಎಸ್ಟೋನಿಯಾದ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಅದಕ್ಕೆ ದತ್ತಾಂಶ ರಾಯಭಾರ ಕಚೇರಿ ಎಂದೇ ಹೆಸರು. ಇಡೀ ದೇಶದ ಕಡತವೇ ಹೀಗೆ ಗಡಿ ದಾಟಿತು! ಆದರೆ ಕಾನೂನು ಮುಂದೆ ಹೋಯಿತು, ಕಡತ ಹಿಂದೆ ಹೋಯಿತು.

ನನಗೆ ತೋರಿದ ತಾತ್ಪರ್ಯ ಇದೇ. ಗಡಿ ದಾಟುವುದೇ ತಪ್ಪಲ್ಲ. ಒಪ್ಪಂದವಿಲ್ಲದೆ ದಾಟುವುದು ತಪ್ಪು. ಹಾಗೆಂದು ನಿರಾಕರಿಸಿದವರು ಮಾಡಿದ್ದೆಲ್ಲ ಸರಿಯೆಂದೂ ನಾನು ಹೇಳಲಾರೆ. ಎರಡು ಸಾಲಿನ ಉತ್ತರ ಬರೆದವರಿಗೆ ಮೂರನೆಯ ಸಾಲು ಬರೆಯಲು ಅಡ್ಡಿಯೇನಿತ್ತು? ಜನರ ನಿಜವಾದ ವಿವರಗಳನ್ನು ಮುಟ್ಟದೆಯೇ ಮಾಡಬಹುದಾದ ಕೆಲಸಗಳಿವೆ. ಕಲ್ಪಿತ ಹೆಸರು, ಕಲ್ಪಿತ ಅಂಕಿಗಳನ್ನು ತುಂಬಿ ಸಾಫ್ಟ್‌ವೇರನ್ನು ಪರೀಕ್ಷಿಸುವುದು, ಕೈಪಿಡಿ ಬರೆಯುವುದು, ಹೊಸಬರಿಗೆ ತರಬೇತು ಕೊಡುವುದು. ಗುತ್ತಿಗೆ ಬರೆಯುವಾಗಲೇ ಇಂಥ ಕೆಲಸವನ್ನು ಬೇರೆಯಾಗಿ ಗುರುತಿಸಿ, ಕಾನೂನು ಅಡ್ಡಿ ಬಾರದ ಕಡೆ ಅದಕ್ಕೆ ಅನುಮತಿ ಇಟ್ಟಿದ್ದರೆ ಒಂದು ಸಂಸಾರದ ಸಂಬಳ ಪೂರ್ತಿ ನಿಲ್ಲುತ್ತಿರಲಿಲ್ಲ.

ಎರಡು ಬೀಗ

ಗೆಳೆಯನ ತಂದೆ ಜಿಲ್ಲಾ ಖಜಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ನಿವೃತ್ತರಾದವರು. ಮಿತಭಾಷಿಗಳು. ಲ್ಯಾಪ್‌ಟಾಪಿನ ಉಪಾಯ ಹೇಗೋ ಅವರ ಕಿವಿಗೂ ಬಿದ್ದಿತ್ತು. ಒಂದು ಭಾನುವಾರ ನಾನು ಹೋಗಿದ್ದಾಗ, ಕಾಫಿಯ ಲೋಟ ಕೆಳಗಿಟ್ಟು ಮಗನ ಕಡೆ ತಿರುಗಿದರು.

"ಖಜಾನೆಯ ಭದ್ರ ಕೋಣೆಗೆ ಎರಡು ಬೀಗ ಕಣೋ. ಒಂದರ ಬೀಗದ ಕೈ ಒಬ್ಬರ ಹತ್ತಿರ, ಇನ್ನೊಂದು ಇನ್ನೊಬ್ಬರ ಹತ್ತಿರ. ಇಬ್ಬರೂ ನಿಂತರೆ ತಾನೇ ಬಾಗಿಲು ತೆರೆಯುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇದು ಅವಮಾನ ಅನ್ನಿಸಿತ್ತು, ನಮ್ಮನ್ನು ನಂಬುವುದಿಲ್ಲವಲ್ಲ ಎಂದು. ಒಂದು ವರ್ಷ ಲೆಕ್ಕದಲ್ಲಿ ಹಣ ಕಡಿಮೆ ಬಂತು. ವಿಚಾರಣೆ ನಡೆಯಿತು. ಎರಡು ಬೀಗ ಇದ್ದದ್ದರಿಂದ ನನ್ನ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಆ ಬೀಗ ನನ್ನನ್ನು ಹೊರಗಿಡುವುದಕ್ಕಲ್ಲ, ಕಾಯುವುದಕ್ಕೆ ಇತ್ತು ಎಂದು ಆಗ ತಿಳಿಯಿತು. ಸಾಲದ ಯೋಚನೆ ಬಿಡು. ನನ್ನ ಪಿಂಚಣಿ ಇದೆ, ಮೂರು ತಿಂಗಳು ಕಳೆಯುತ್ತೆ."

ಮಗ ಮಾತಾಡಲಿಲ್ಲ. ಆ ರಾತ್ರಿಯೇ ಹೆಂಡತಿಗೆ ಫೋನು ಮಾಡಿ, ಲ್ಯಾಪ್‌ಟಾಪನ್ನು ತಾನಿಟ್ಟ ಕಡೆಯಿಂದ ಕದಲಿಸಬೇಡವೆಂದು ಹೇಳಿದನಂತೆ.

ಮಾರ್ಚಿಯಲ್ಲಿ ಅವನ ಸಂದರ್ಶನ ಮುಗಿಯಿತು, ವೀಸಾ ದೊರೆಯಿತು, ಹೊರಟುಹೋದ. ಹೊರಡುವ ಮುನ್ನ, ತನ್ನಂಥ ದಾರಿಹೋಕರಿಗೆ ಹೇಳಬೇಕಾದ ನಾಲ್ಕು ಮಾತುಗಳನ್ನು ನನಗೆ ಒಪ್ಪಿಸಿದ್ದಾನೆ. ಪ್ರಯಾಣದ ಟಿಕೆಟ್ಟಿಗೆ ಮೊದಲು ಗುತ್ತಿಗೆಯ ಕರಾರನ್ನು ಓದಿ. ಓದಲು ಕೊಡದಿದ್ದರೆ ಕೇಳಿ ಪಡೆಯಿರಿ. ಅನುಮತಿಯನ್ನು ಬಾಯಿಮಾತಿನಲ್ಲಿ ನಂಬಬೇಡಿ, ಬರಹದಲ್ಲಿ ಪಡೆಯಿರಿ, ಅದೂ ಅಧಿಕಾರವುಳ್ಳವರಿಂದ. ಸರ್ಕಾರದ ಕೆಲಸವಾದರೆ ಹಿಂದಿರುಗುವುದು ತಡವಾದೀತೆಂದು ಎಣಿಸಿ, ಮೂರು ನಾಲ್ಕು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ವಿಮಾನ ಹತ್ತಿ. ನೀವಿರುವ ಸ್ಥಳದ ಬಗ್ಗೆ ಎಂದೂ ಸುಳ್ಳು ಹೇಳಬೇಡಿ.

ಮೊನ್ನೆ ಫೋನಿನಲ್ಲಿ ಸಿಕ್ಕಿದ್ದ. ಕಲ್ಪಿತ ವಿವರಗಳ ಮೇಲಿನ ಪರೀಕ್ಷಾ ಕೆಲಸವನ್ನು ಹೊರಗಿನಿಂದ ಮಾಡಲು ಅವಕಾಶ ಕೊಡಬೇಕೆಂದು ತನ್ನ ಕಂಪನಿಗೆ ಬರೆದುಕೊಟ್ಟಿದ್ದಾನಂತೆ; ಇನ್ನೂ ಉತ್ತರ ಬಂದಿಲ್ಲ. ಮಗಳು ಮಧ್ಯೆ ಬಾಯಿ ಹಾಕಿ, "ಮಾಮ, ಅಪ್ಪ ಈಗ ಮನೆಯಲ್ಲೇ ಆಫೀಸು" ಎಂದಳು. ಅವಳ ಹಿಂದೆ ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಕೇಳಿಸುತ್ತಿತ್ತು.